ದೊಡ್ಡಕ್ಷರ ಹೆಸರಿಗೆ, ಹೆಚ್ಚುಗಾರಿಕೆಗಲ್ಲ

ಅಂಬರನಾಥದಿಂದ ಠಾಣೆಯವರೆಗೆ ಯಾವ ನಿಲ್ದಾಣದ ಫಲಕ ನೋಡಿದರೂ ಊರಿನ ಹೆಸರು ದೇವನಾಗರಿಯಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ. ದೇವನಾಗರಿಗೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಗೊತ್ತಿಲ್ಲ. ಇಂಗ್ಲಿಷಿನ ಸಾಲು ಪೂರ್ತಿ ದೊಡ್ಡಕ್ಷರಗಳಲ್ಲಿರುವುದರಿಂದ ಅಲ್ಲೂ ಆ ಭೇದ ಕಾಣಿಸಿಕೊಳ್ಳುವುದಿಲ್ಲ. ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳು ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ದಿನ ಸಾಗಿಸುತ್ತವೆ. ಈ ಎಲ್ಲ ಭಾಷೆಗಳಲ್ಲಿ ಎರಡು ರೂಪದ ಅಕ್ಷರಗಳಿರುವುದು ಒಂದಕ್ಕೆ ಮಾತ್ರ. ಆ ಒಂದು ಭಾಷೆಯಲ್ಲಿ ನಾವು ಬರೆಯುವ ಅರ್ಜಿ, ಹೌಸಿಂಗ್ ಸೊಸೈಟಿಯ ನೋಟಿಸು, ಸಂಘದ ಆಮಂತ್ರಣ, ಮಕ್ಕಳ ಪ್ರಬಂಧ ಇವನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೊಡ್ಡಕ್ಷರ ಬೇಕಾದಲ್ಲಿ ಬಿಟ್ಟುಹೋಗಿರುವುದು ಕಡಿಮೆ. ಬೇಡವಾದಲ್ಲಿ ಬಂದು ಕೂತಿರುವುದೇ ಹೆಚ್ಚು. ಅಧ್ಯಕ್ಷರಿಗೆ ದೊಡ್ಡಕ್ಷರ, ಮುಖ್ಯ ಅತಿಥಿಗಳಿಗೆ ದೊಡ್ಡಕ್ಷರ, ಬಾಕಿ ಕಟ್ಟಬೇಕಾದ ಮೊತ್ತಕ್ಕೆ ದೊಡ್ಡಕ್ಷರ, ಕೊನೆಯ ಎಚ್ಚರಿಕೆಯ ಸಾಲಿಗಂತೂ ಪೂರಾ ದೊಡ್ಡಕ್ಷರ. ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕಲಾಗದು. ಇದರ ಹಿಂದೆ ಒಂದು ನಂಬಿಕೆಯಿದೆ: ದೊಡ್ಡಕ್ಷರ ಎಂದರೆ ದೊಡ್ಡದರ ಗುರುತು, ಗೌರವದ ಗುರುತು ಎಂಬ ನಂಬಿಕೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಮಾಡುವ ಮುಖ್ಯ ಕೆಲಸ ಎರಡೇ. ಇಲ್ಲಿಂದ ಹೊಸ ವಾಕ್ಯ ಶುರುವಾಯಿತು ಎಂದು ತಿಳಿಸುವುದು ಒಂದು, ಈ ಮಾತು ಒಂದು ಹೆಸರು ಎಂದು ತಿಳಿಸುವುದು ಇನ್ನೊಂದು. ಉಳಿದದ್ದೆಲ್ಲ ಆಯಾ ಕಾಲದ, ಆಯಾ ಪತ್ರಿಕೆಯ, ಆಯಾ ಕಚೇರಿಯ ರೂಢಿ.

ರೂಢಿ ಎಂಬ ಮಾತಿಗೆ ಇತಿಹಾಸವೇ ಸಾಕ್ಷಿ. ಪ್ರಾಚೀನ ರೋಮಿನ ಶಿಲಾಶಾಸನಗಳಲ್ಲಿ ಈಗ ನಾವು ದೊಡ್ಡಕ್ಷರ ಎನ್ನುವ ರೂಪ ಒಂದೇ ಇತ್ತು. ಕ್ರಿ.ಶ. 113ರ ಟ್ರೇಜನ್ ಸ್ತಂಭದ ಬರಹದಲ್ಲಿ ಚಕ್ರವರ್ತಿಯ ಹೆಸರೂ ಸಾಮಾನ್ಯ ಪದವೂ ಒಂದೇ ರೂಪದ ಅಕ್ಷರಗಳಲ್ಲಿವೆ. ಸಣ್ಣಕ್ಷರಗಳು ಕೈಬರಹದ ವೇಗದಿಂದ ಹುಟ್ಟಿ, ಕ್ರಿ.ಶ. 800ರ ಆಸುಪಾಸಿನಲ್ಲಿ ಶಾರ್ಲಮೇನ್ ದೊರೆಯ ಆಡಳಿತದಲ್ಲಿ ಅಚ್ಚುಕಟ್ಟಾದ ರೂಪ ಪಡೆದವು. ಹಳೆಯ ರೂಪ ಅಧ್ಯಾಯದ ಮೊದಲಿಗೆ, ವಾಕ್ಯದ ಮೊದಲಿಗೆ ಉಳಿದುಕೊಂಡಿತು. ಅಂದರೆ ಎರಡು ಬೇರೆ ಕಾಲದ ಲಿಪಿಗಳು ಒಂದೇ ಪುಟದಲ್ಲಿ ಬಂದು ಕೂತದ್ದೇ ಈ ಭೇದದ ಮೂಲ; ಯಾರೋ ವ್ಯಾಕರಣಕಾರ ಕೂತು ಯೋಚಿಸಿ ಮಾಡಿದ ವ್ಯವಸ್ಥೆ ಇದಲ್ಲ. ಹದಿನೇಳು ಹದಿನೆಂಟನೇ ಶತಮಾನಗಳ ಇಂಗ್ಲಿಷ್ ಪುಸ್ತಕ ತೆರೆದರೆ ಬಹುಪಾಲು ನಾಮಪದಗಳಿಗೆಲ್ಲ ದೊಡ್ಡಕ್ಷರ. 1787ರ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲಿ ನ್ಯಾಯಕ್ಕೂ ನೆಮ್ಮದಿಗೂ ದೊಡ್ಡಕ್ಷರವಿದೆ. ಕೆಲವೇ ದಶಕಗಳಲ್ಲಿ ಆ ಪದ್ಧತಿ ಇಂಗ್ಲಿಷಿನಿಂದ ಮರೆಯಾಯಿತು. ಜರ್ಮನ್ ಭಾಷೆ ಇವತ್ತಿಗೂ ಎಲ್ಲ ನಾಮಪದಗಳಿಗೆ ದೊಡ್ಡಕ್ಷರ ಹಾಕುತ್ತದೆ. ಡೇನಿಷ್ ಭಾಷೆ 1948ರ ಕಾಗುಣಿತ ಸುಧಾರಣೆಯಲ್ಲಿ ಅದನ್ನು ಕೈಬಿಟ್ಟಿತು. ಇಂಗ್ಲಿಷಿನಲ್ಲಿ ವಾರಗಳಿಗೆ, ತಿಂಗಳುಗಳಿಗೆ, ಭಾಷೆಗಳಿಗೆ ದೊಡ್ಡಕ್ಷರ ಕಡ್ಡಾಯ. ಪಕ್ಕದ ಫ್ರೆಂಚಿನಲ್ಲಿ, ಸ್ಪ್ಯಾನಿಷಿನಲ್ಲಿ ಅವೆಲ್ಲ ಸಣ್ಣಕ್ಷರ. 1925ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಹರ್ಬರ್ಟ್ ಬೇಯರ್ ದೊಡ್ಡಕ್ಷರಗಳನ್ನೇ ಬಿಟ್ಟುಬಿಟ್ಟರು. ಒಂದು ಧ್ವನಿಗೆ ಎರಡು ಚಿಹ್ನೆ ಏಕೆ ಎಂಬುದು ಅಲ್ಲಿನವರ ಪ್ರಶ್ನೆಯಾಗಿತ್ತು. ಕನ್ನಡ, ಮರಾಠಿ ಓದುಗರಿಗೆ ಈ ಪ್ರಶ್ನೆ ತೀರ ಸಹಜವಾಗಿ ಕೇಳಿಸುತ್ತದೆ. ‘ನಾನು’ ಎಂಬುದಕ್ಕೆ ಇಂಗ್ಲಿಷಿನವರು ದೊಡ್ಡ ಐ ಬರೆಯುವುದು ಅಹಂಕಾರದಿಂದ ಎಂಬ ಮಾತು ನಮ್ಮ ಭಾಷಣಗಳಲ್ಲಿ ಆಗಾಗ ಬರುತ್ತದೆ. ಅದೂ ಸರಿಯಲ್ಲ. ಹಳೆಯ ಇಂಗ್ಲಿಷಿನ ಆ ಸರ್ವನಾಮ ತನ್ನ ವ್ಯಂಜನವನ್ನು ಕಳೆದುಕೊಂಡು ಒಂಟಿ ಗೀಟಾಗಿ ಉಳಿದಾಗ ಅದು ಹಾಳೆಯ ಮೇಲೆ ಕಣ್ಣಿಗೆ ಬೀಳುವುದೇ ಕಷ್ಟವಾಯಿತು, ಲಿಪಿಕಾರರು ಗೀಟನ್ನು ಉದ್ದ ಎಳೆದರು. ಅಲ್ಲಿರುವುದು ಓದುವವರ ಅನುಕೂಲ, ಬರೆಯುವವರ ಗರ್ವವಲ್ಲ.

ದೊಡ್ಡಕ್ಷರಕ್ಕೆ ತನ್ನದೇ ಆದ ಅರ್ಥವಿಲ್ಲ, ಒಪ್ಪಂದ ಕೊಟ್ಟ ಅರ್ಥ ಮಾತ್ರ ಎಂಬುದನ್ನು ಕನ್ನಡಿಗರು ಬೇರೆಲ್ಲಿಗೂ ಹೋಗದೆ ತಮ್ಮ ಕೀಲಿಮಣೆಯ ಮೇಲೇ ನೋಡಬಹುದು. 1998ರಲ್ಲಿ ಬಂದ ‘ಬರಹ’ ತಂತ್ರಾಂಶದಲ್ಲಿ ರೋಮನ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವವರಿಗೆ ಇದು ಬೆರಳಿನ ಅಭ್ಯಾಸವೇ ಆಗಿದೆ. ಅಂಬರನಾಥ ಎಂದು ಮೂಡಬೇಕಾದರೆ ಮೊದಲ ಎ ಸಣ್ಣದು, ಸೊನ್ನೆಗಾಗಿ ಎಮ್ ದೊಡ್ಡದು, ನಕಾರದ ದೀರ್ಘಕ್ಕೆ ಎ ದೊಡ್ಡದು. ಊರಿನ ಹೆಸರಲ್ಲವೇ ಎಂದು ಇಂಗ್ಲಿಷಿನ ನಿಯಮದಂತೆ ಮೊದಲ ಎ ದೊಡ್ಡದೊತ್ತಿದರೆ ಪರದೆಯ ಮೇಲೆ ಬರುವುದು ಆಂಬರನಾಥ. ಕಲ್ಯಾಣದಲ್ಲಿ ಹೆಸರಿನ ಮೊದಲಕ್ಷರ ಸಣ್ಣದು, ಕೊನೆಯ ಣಕಾರಕ್ಕೆ ಎನ್ ದೊಡ್ಡದು. ಠಾಣೆಯಲ್ಲಿ ಟಿ ದೊಡ್ಡದು, ಡೊಂಬಿವಲಿಯಲ್ಲಿ ಡಿ ದೊಡ್ಡದು. ಅವು ಊರಿನ ಹೆಸರೆಂದಲ್ಲ, ಮೂರ್ಧನ್ಯ ಧ್ವನಿಗಳೆಂದು. ಅದೇ ಕೀಲಿಮಣೆ, ಅದೇ ಅಕ್ಷರ, ಆದರೆ ಇಲ್ಲಿ ದೊಡ್ಡಕ್ಷರಕ್ಕೆ ಕೊಟ್ಟ ಕೆಲಸ ದೀರ್ಘವನ್ನೋ ಮೂರ್ಧನ್ಯವನ್ನೋ ಸೂಚಿಸುವುದು. ಇದರಲ್ಲಿ ಯಾರಿಗೂ ಗೌರವದ ಪ್ರಶ್ನೆ ಹೊಳೆಯುವುದಿಲ್ಲ. ಇಂಗ್ಲಿಷ್ ಬರೆಯುವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇಲ್ಲಿ ಈ ಅಕ್ಷರಕ್ಕೆ ಕೊಟ್ಟ ಕೆಲಸ ಯಾವುದು?

ವಾಕ್ಯದ ಆರಂಭದ ನಿಯಮ ಸುಲಭ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಸರಿನ ನಿಯಮ ಮಾತ್ರ ನಿಂತು ನೋಡಬೇಕಾದದ್ದು. ಮುಂಬಯಿ ಉಪನಗರಗಳಲ್ಲಿ ರೈಲುಹಳಿ ಊರನ್ನು ಎರಡಾಗಿ ಸೀಳಿದೆ. ಡೊಂಬಿವಲಿ ಪೂರ್ವ, ಡೊಂಬಿವಲಿ ಪಶ್ಚಿಮ ಎನ್ನುವುದು ಇಲ್ಲಿ ದಿಕ್ಕಿಗಿಂತ ಹೆಚ್ಚಾಗಿ ವಿಳಾಸ. ಆದ್ದರಿಂದ ಇಂಗ್ಲಿಷಿನಲ್ಲಿ ಆ ‘ಈಸ್ಟ್’, ‘ವೆಸ್ಟ್’ಗಳಿಗೆ ದೊಡ್ಡಕ್ಷರ. ಅದೇ, ಹಳಿಯ ಪೂರ್ವಕ್ಕೆ ಒಂದು ಮೈದಾನವಿದೆ ಎಂದು ಬರೆದರೆ ಆ ಪೂರ್ವ ಬರೀ ದಿಕ್ಕು, ಸಣ್ಣಕ್ಷರ ಸಾಕು. ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ 1970ರಲ್ಲಿ ಸ್ಥಾಪನೆಯಾಗಿ ಹೊಸ ಪಟ್ಟಣ ಕಟ್ಟಲು ಹೊರಟಾಗ ಆ ಪಟ್ಟಣದ ಇಂಗ್ಲಿಷ್ ಹೆಸರು ‘ನ್ಯೂ ಬಾಂಬೆ’ ಎಂದಿತ್ತು. ಎನ್ ದೊಡ್ಡದಾದರೆ ಅದು ಖಾರಿಯಾಚೆಯ ಬೇರೆಯೇ ನಗರ. ಎನ್ ಸಣ್ಣದಾದರೆ ಹಳೆಯ ಬೊಂಬಾಯಿಯೇ ಹೊಸದಾಗಿ ಕಾಣುತ್ತಿದೆ ಎಂಬ ಅರ್ಥ. ಒಂದು ಅಕ್ಷರ ಇಡೀ ಒಂದು ನಗರವನ್ನು ಹೀಗೆ ಬೇರ್ಪಡಿಸಿ ತೋರಿಸಿತು. ಅಂಬರನಾಥದ ಆರ್ಡ್ನನ್ಸ್ ಫ್ಯಾಕ್ಟರಿಯನ್ನು ಪೂರ್ಣ ಹೆಸರಿನಲ್ಲಿ ಕರೆದಾಗ ದೊಡ್ಡಕ್ಷರ. ಆ ಊರಿನಲ್ಲೊಂದು ಮದ್ದುಗುಂಡಿನ ಕಾರ್ಖಾನೆಯಿದೆ ಎನ್ನುವಾಗ ಸಣ್ಣಕ್ಷರ. ಡೊಂಬಿವಲಿ ಕರ್ನಾಟಕ ಸಂಘ ಎಂದು ಒಮ್ಮೆ ಪೂರ್ಣವಾಗಿ ಬರೆದ ಮೇಲೆ ಮುಂದಿನ ಸಾಲುಗಳಲ್ಲಿ ಬರುವ ಸಂಘ, ಸಮಿತಿ, ಸಭೆಗಳಿಗೆ ಸಣ್ಣಕ್ಷರ ಹಾಕಿದರೆ ಯಾರ ಮಾನವೂ ಹೋಗುವುದಿಲ್ಲ. ಈ ತತ್ತ್ವ ಎಷ್ಟು ಸೂಕ್ಷ್ಮ ಎಂಬುದಕ್ಕೆ ಮನೆಯೊಳಗಿನ ಉದಾಹರಣೆಯೇ ಇದೆ: ನನ್ನ ತಂದೆ ಎನ್ನುವಾಗ ಇಂಗ್ಲಿಷಿನ ‘ಫಾದರ್’ ಸಣ್ಣಕ್ಷರದಲ್ಲಿ, ಅದೇ ಮಾತನ್ನು ಹೆಸರಿಗೆ ಬದಲಾಗಿ ಕರೆಯುವಂತೆ ಬಳಸಿದಾಗ ದೊಡ್ಡಕ್ಷರದಲ್ಲಿ. ತಂದೆಯ ಮೇಲಿನ ಗೌರವ ಎರಡು ಕಡೆಯೂ ಒಂದೇ. ಬದಲಾದದ್ದು ಆ ಪದ ವಾಕ್ಯದಲ್ಲಿ ಮಾಡುವ ಕೆಲಸ ಮಾತ್ರ.

ಹಾಗಾದರೆ ಗೌರವದ ತಪ್ಪು ಕಲ್ಪನೆ ನಮಗೆ ಬಂದದ್ದು ಎಲ್ಲಿಂದ? ಒಂದು ಕಾರಣ ನಮ್ಮ ಭಾಷೆಯ ಗುಣದಲ್ಲೇ ಇದೆ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ ಗೌರವ ವ್ಯಾಕರಣದೊಳಗೇ ಹೆಣೆದುಕೊಂಡಿದೆ. ಬಂದನು, ಬಂದರು ಎಂಬ ಎರಡು ಕ್ರಿಯಾಪದಗಳ ನಡುವೆ ಆಯ್ಕೆ ಮಾಡದೆ ಒಬ್ಬ ಮನುಷ್ಯನ ಬಗ್ಗೆ ವಾಕ್ಯ ಮುಗಿಸುವುದೇ ಕಷ್ಟ. ಹೆಸರಿನ ಹಿಂದೆ ಶ್ರೀ, ಮುಂದೆ ಅವರು. ಮರಾಠಿಯಲ್ಲೂ ಹೀಗೆಯೇ ಆದರಾರ್ಥ ಬಹುವಚನವಿದೆ. ಇಂಗ್ಲಿಷಿಗೆ ಬಂದ ಕೂಡಲೇ ಈ ಸಲಕರಣೆಗಳೆಲ್ಲ ಕೈತಪ್ಪುತ್ತವೆ. ಅಧ್ಯಕ್ಷರಿಗೂ ಕಾವಲುಗಾರನಿಗೂ ಒಂದೇ ಸರ್ವನಾಮ, ಒಂದೇ ಕ್ರಿಯಾಪದ. ಬರೆಯುವವರ ಮನಸ್ಸಿಗೆ ಏನೋ ಕೊರತೆಯಾದಂತಾಗಿ ಕಣ್ಣಿಗೆ ಕಾಣುವ ಏಕೈಕ ಹಿರಿಮೆಯ ಗುರುತಾದ ದೊಡ್ಡಕ್ಷರವನ್ನು ಬಹುವಚನದ ಜಾಗಕ್ಕೆ ತಂದು ಕೂರಿಸುತ್ತಾರೆ. ಇದು ಅರ್ಥವಾಗುವ ಮನೋಧರ್ಮ, ಇದನ್ನು ಹೀಗಳೆಯಬೇಕಾಗಿಲ್ಲ. ಆದರೆ ನಮ್ಮ ಸ್ವಂತ ಲಿಪಿಪರಂಪರೆ ಇದನ್ನು ಎಂದೂ ಮಾಡಿಲ್ಲ ಎಂಬುದನ್ನೂ ಗಮನಿಸಬೇಕು. ಐದನೇ ಶತಮಾನದ ಹಲ್ಮಿಡಿ ಶಾಸನದಲ್ಲಿ ಅರಸನ ಹೆಸರಿಗೆಂದು ಬೇರೆ ರೂಪದ ಅಕ್ಷರವಿಲ್ಲ. ಅಂಬರನಾಥದ ಶಿವಾಲಯದ ಶಾಸನ ಶಕ 982ರದು, ಎಂದರೆ ಕ್ರಿ.ಶ. 1060, ಉತ್ತರ ಕೊಂಕಣದ ಶಿಲಾಹಾರ ದೊರೆ ಮುಮ್ಮುಣಿಯ ಕಾಲದ್ದು. ಶಿಲಾಹಾರ ಅರಸರ ಶಾಸನಗಳಲ್ಲಿ ಮಹಾಮಂಡಲೇಶ್ವರ ಮೊದಲಾದ ಬಿರುದುಗಳು ಸಾಲುಗಟ್ಟಿ ಬರುತ್ತವೆ, ಅಕ್ಷರಗಳು ಮಾತ್ರ ಅರಸನಿಗೂ ಅಡಿಕೆ ತೋಟಕ್ಕೂ ಒಂದೇ. ಗೌರವ ಕೊಟ್ಟದ್ದು ಪದಗಳಿಂದ. ಕನ್ನಡ ಮುದ್ರಣ ಬಂದಾಗಲೂ ಹೀಗೆಯೇ ಆಯಿತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೇಲಿನ ಕಾಲದಲ್ಲಿ ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳು ಕನ್ನಡ ಗದ್ಯಕ್ಕೆ ಒಗ್ಗಿಹೋದವು. ದೊಡ್ಡಕ್ಷರ ಬರಲಿಲ್ಲ, ಬಾರದೆ ಇದ್ದುದರಿಂದ ಯಾವ ಸಾಹಿತ್ಯಕ್ಕೂ ನಷ್ಟವಾಗಲಿಲ್ಲ. ಅರಬ್ಬಿ, ಹೀಬ್ರೂ, ಚೀನೀ, ಜಪಾನೀ, ಥಾಯ್ ಬರಹಗಳೂ ದೊಡ್ಡಕ್ಷರವಿಲ್ಲದೆ ನಡೆಯುತ್ತವೆ.

ಇತ್ತ ಇಂಗ್ಲಿಷನ್ನು ತಾಯಿಭಾಷೆಯಾಗಿ ಬಳಸುವ ಕಡೆ ಗಾಳಿ ಬೀಸುತ್ತಿರುವುದು ಸಣ್ಣಕ್ಷರದ ದಿಕ್ಕಿಗೆ. 1906ರಲ್ಲಿ ಮೊದಲು ಪ್ರಕಟವಾದ, ಇಂದಿಗೂ ಅಮೆರಿಕದ ಪ್ರಕಾಶಕರು ಆಧರಿಸುವ ಶಿಕಾಗೊ ಶೈಲಿ ಕೈಪಿಡಿಯ ಪ್ರಕಾರ ಹುದ್ದೆಯ ಹೆಸರು ವ್ಯಕ್ತಿಯ ಹೆಸರಿಗೆ ಅಂಟಿಕೊಂಡು ಮೊದಲು ಬಂದರೆ ದೊಡ್ಡಕ್ಷರ, ಬಿಡಿಯಾಗಿ ಬಂದರೆ ಸಣ್ಣಕ್ಷರ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಪ್ರಧಾನಮಂತ್ರಿಯನ್ನೂ ಪೋಪರನ್ನೂ ಸಣ್ಣಕ್ಷರದಲ್ಲೇ ಬರೆಯುತ್ತದೆ. ಅಸೋಸಿಯೇಟೆಡ್ ಪ್ರೆಸ್ 2016ರಲ್ಲಿ ಇಂಟರ್‌ನೆಟ್ಟಿನ ದೊಡ್ಡ ಐಯನ್ನು ಸಣ್ಣದು ಮಾಡಿತು, ಅದು ಒಂದು ಜಾಲದ ಹೆಸರಾಗಿ ಉಳಿಯದೆ ವಿದ್ಯುತ್ತಿನಂತೆ ಸಾಮಾನ್ಯ ಸಂಗತಿಯಾಯಿತೆಂದು. ಲೇಖಕಿ ಬೆಲ್ ಹುಕ್ಸ್ ತಮ್ಮ ಲೇಖನನಾಮವನ್ನೇ ಸಣ್ಣಕ್ಷರಗಳಲ್ಲಿ ಬರೆದುಕೊಂಡರು, ಓದುಗರ ಗಮನ ತನ್ನ ಮೇಲಲ್ಲ, ತನ್ನ ವಿಚಾರದ ಮೇಲಿರಲಿ ಎಂದು. ಅವರ ಗೌರವಕ್ಕೆ ಅದರಿಂದ ಕುಂದು ಬಂದಿಲ್ಲ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪ ಕಾನೂನಿನ ಕಡೆಯಿಂದ ಬರುತ್ತದೆ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆ 1960ರದು. ಅಂಬರನಾಥ, ಡೊಂಬಿವಲಿಗಳ ಹೌಸಿಂಗ್ ಸೊಸೈಟಿಗಳು ನೋಂದಣಿಯಾಗುವುದು ಅದರಡಿಯಲ್ಲಿ. ಅವುಗಳ ಉಪವಿಧಿಗಳ ಇಂಗ್ಲಿಷಿನಲ್ಲಿ ಸೊಸೈಟಿ, ಕಮಿಟಿಗಳಿಗೆ ದೊಡ್ಡಕ್ಷರ ಇರುವುದನ್ನು ನೋಡಿದ ಕಾರ್ಯದರ್ಶಿಗಳು ನೋಟಿಸಿನಲ್ಲೂ ಹಾಗೆಯೇ ಬರೆಯುತ್ತಾರೆ. ದೇಶದ ಸಂವಿಧಾನವೇ ರಾಷ್ಟ್ರಪತಿ, ರಾಜ್ಯಪಾಲ, ರಾಜ್ಯ, ಒಕ್ಕೂಟಗಳಿಗೆ ದೊಡ್ಡಕ್ಷರ ಬಳಸಿಲ್ಲವೇ ಎಂದು ಕೇಳಬಹುದು. ಬಳಸಿದೆ. ಕಾನೂನಿನ ಬರಹದಲ್ಲಿ ದೊಡ್ಡಕ್ಷರ, ಈ ಪದಕ್ಕೆ ಇಲ್ಲಿ ಒಂದು ನಿಗದಿತ ಅರ್ಥವಿದೆ ಎಂದು ಸೂಚಿಸಲು ನೆರವಾಗುತ್ತದೆ. ಆದರೆ ಆ ಅರ್ಥವನ್ನು ಕೊಡುವುದು ವ್ಯಾಖ್ಯೆ. ಸಂವಿಧಾನದ 12ನೇ ವಿಧಿ ‘ಸ್ಟೇಟ್’ ಎಂದರೆ ಏನೇನು ಸೇರುತ್ತದೆ ಎಂದು ಬಿಡಿಸಿ ಹೇಳುತ್ತದೆ. 1ನೇ ವಿಧಿಯ ರಾಜ್ಯಗಳಿಗೂ ಅದೇ ದೊಡ್ಡ ಎಸ್ ಇದೆ. ಎರಡರ ವ್ಯತ್ಯಾಸವನ್ನು ಕಾಯುತ್ತಿರುವುದು 12ನೇ ವಿಧಿ, ಎಸ್ ಅಲ್ಲ. ಇನ್ನೊಂದು ನಿದರ್ಶನ ಇದಕ್ಕಿಂತ ಸ್ಪಷ್ಟ. ಪೀಠಿಕೆಯ ಮುದ್ರಿತ ಇಂಗ್ಲಿಷ್ ಪಾಠದಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ನಾಲ್ಕೂ ಮಾತುಗಳು ಪೂರ್ತಿ ದೊಡ್ಡಕ್ಷರದಲ್ಲಿವೆ. ಅದು ಘೋಷಣೆಯ ಭಾಗ, ಫಲಕದಂತೆ ಓದಿಸಿಕೊಳ್ಳಬೇಕಾದ್ದು, ಅಲ್ಲಿ ಅದು ಒಪ್ಪುತ್ತದೆ. ಆದರೆ ಸಮಾನತೆಯ ಹಕ್ಕನ್ನು ಕೊಡುವ 14ನೇ ವಿಧಿಯಲ್ಲಿ, ವ್ಯಕ್ತಿಸ್ವಾತಂತ್ರ್ಯವನ್ನು ರಕ್ಷಿಸುವ 21ನೇ ವಿಧಿಯಲ್ಲಿ ಆ ಎರಡು ಪದಗಳೂ ಸಣ್ಣಕ್ಷರದಲ್ಲೇ ಇವೆ. ನಾಗರಿಕರು ನ್ಯಾಯಾಲಯದ ಬಾಗಿಲು ತಟ್ಟಿ ಪಡೆದ ಪರಿಹಾರಗಳಿಗೆ ಆಧಾರವಾದದ್ದು ಈ ಸಣ್ಣಕ್ಷರದ ಸಮಾನತೆ, ಈ ಸಣ್ಣಕ್ಷರದ ಸ್ವಾತಂತ್ರ್ಯ. ಇನ್ನು ಸಂವಿಧಾನದ ಕನ್ನಡ ಪಾಠದಲ್ಲಿ ದೊಡ್ಡಕ್ಷರವೆಂಬುದೇ ಇಲ್ಲ. ಅದರಿಂದ ಯಾವ ಹಕ್ಕೂ ಮಸುಕಾಗಿಲ್ಲ. ಉಪವಿಧಿಯಲ್ಲಿ ವ್ಯಾಖ್ಯೆಯಿರುವ ಪದಕ್ಕೆ ದೊಡ್ಡಕ್ಷರ ಇರಲಿ. ನೀರಿನ ಟ್ಯಾಂಕು ತೊಳೆಯುವ ದಿನವನ್ನು ತಿಳಿಸುವ ನೋಟಿಸಿಗೆ ಆ ವೇಷ ಬೇಡ.

ನೋಟಿಸಿನ ಮಾತು ಬಂದದ್ದರಿಂದ ಪೂರಾ ದೊಡ್ಡಕ್ಷರದ ಬರಹದ ಬಗ್ಗೆಯೂ ಹೇಳಬೇಕು. ಲಿಫ್ಟಿನ ಪಕ್ಕ ಅಂಟಿಸುವ ಎಚ್ಚರಿಕೆಗಳು, ವಾಟ್ಸಾಪ್ ಗುಂಪಿನ ಪ್ರಕಟಣೆಗಳು ಬಹಳಷ್ಟು ಹೀಗೆಯೇ ಇರುತ್ತವೆ. ಗಮನ ಸೆಳೆಯುವುದು ಉದ್ದೇಶ, ಆಗುವುದು ತಿರುವು ಮುರುವು. 1928ರಲ್ಲೇ ಅಮೆರಿಕದ ಮೈಲ್ಸ್ ಟಿಂಕರ್ ಮತ್ತು ಡೊನಾಲ್ಡ್ ಪ್ಯಾಟರ್ಸನ್ ಓದಿನ ವೇಗವನ್ನು ಅಳೆದು, ಎಲ್ಲ ದೊಡ್ಡಕ್ಷರದಲ್ಲಿರುವ ಬರಹವನ್ನು ಓದುವುದು ಶೇಕಡ 10ಕ್ಕಿಂತ ಹೆಚ್ಚು ನಿಧಾನವಾಗುತ್ತದೆಂದು ತೋರಿಸಿದರು. ಬ್ರಿಟನ್ನಿನಲ್ಲಿ ಹೆದ್ದಾರಿಗಳು ಬಂದಾಗ ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಊರಿನ ಹೆಸರುಗಳನ್ನು ಮೊದಲಕ್ಷರ ಮಾತ್ರ ದೊಡ್ಡದಿಟ್ಟು ಬರೆಯುವ ಫಲಕಗಳನ್ನು ರೂಪಿಸಿದರು. ಎಲ್ಲವೂ ದೊಡ್ಡಕ್ಷರವೇ ಇರಬೇಕು ಎಂಬ ಪಕ್ಷವೂ ಜೋರಾಗಿತ್ತು, ಕೊನೆಗೆ 1963ರ ವರ್ಬಾಯ್ಸ್ ಸಮಿತಿ ವರದಿಯ ಬಳಿಕ ದೇಶದ ರಸ್ತೆಗಳಿಗೆಲ್ಲ ಮಿಶ್ರ ಅಕ್ಷರದ ಪದ್ಧತಿಯೇ ಬಂತು. ಓದಿನ ವೇಗಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದು. ಸದಸ್ಯರು ಮೇ ತಿಂಗಳ ಬಾಕಿಯನ್ನು ಕಂತಿನಲ್ಲಿ ಕಟ್ಟಬಹುದು ಎಂಬ ಇಂಗ್ಲಿಷ್ ವಾಕ್ಯದಲ್ಲಿ ‘ಮೇ’ ಎರಡು ಸಲ ಬರುತ್ತದೆ, ಒಮ್ಮೆ ತಿಂಗಳಾಗಿ, ಒಮ್ಮೆ ‘ಬಹುದು’ ಆಗಿ. ಮೊದಲನೆಯದಕ್ಕೆ ದೊಡ್ಡ ಎಮ್, ಎರಡನೆಯದಕ್ಕೆ ಸಣ್ಣದು, ಕಣ್ಣು ತಕ್ಷಣ ಬಿಡಿಸಿಕೊಳ್ಳುತ್ತದೆ. ಪೂರಾ ದೊಡ್ಡಕ್ಷರದಲ್ಲಿ ಬರೆದಾಗ ಎರಡೂ ಒಂದೇ ಆಗಿ ಓದುಗ ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಬೇಕು. ಮಾರ್ಚ್ ತಿಂಗಳಿಗೂ ಮೆರವಣಿಗೆಗೂ ಇದೇ ಗತಿ, ಗ್ರೇಸ್ ಎಂಬ ಹೆಣ್ಣುಮಗಳ ಹೆಸರಿಗೂ ಕೃಪೆಗೂ ಇದೇ ಗತಿ. ದೊಡ್ಡಕ್ಷರ ಹೆಸರನ್ನು ಎತ್ತಿ ತೋರಿಸುವುದು ಸುತ್ತಲಿನದು ಸಣ್ಣದಿದ್ದಾಗ ಮಾತ್ರ.

ಅರ್ಜಿ ನಮೂನೆಗಳನ್ನು ಬ್ಲಾಕ್ ಅಕ್ಷರಗಳಲ್ಲಿ ತುಂಬಿ ಎನ್ನುತ್ತಾರಲ್ಲ, ಅದು ತಪ್ಪೇ ಎಂದರೆ ಅಲ್ಲ. ಅಲ್ಲಿನ ಕಾರಣವೇ ಬೇರೆ. ಕೂಡುಬರಹದ ಗೊಂದಲವಿಲ್ಲದೆ ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ಬಿದ್ದರೆ ಗುಮಾಸ್ತರಿಗೂ ಯಂತ್ರಕ್ಕೂ ಓದಲು ಸುಲಭ. ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಿಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ನಿಯಮವೇ ಇದೆ: ದೊಡ್ಡ ಎಯಿಂದ ಜೆಡ್‌ವರೆಗಿನ ಅಕ್ಷರ, ಅಂಕಿ, ಒಂದು ಭರ್ತಿ ಚಿಹ್ನೆ ಇಷ್ಟೇ. 2013ರ ಜುಲೈನಲ್ಲಿ ಕೊನೆಯಾದ ನಮ್ಮ ತಂತಿ ಸೇವೆಯ ಇಂಗ್ಲಿಷ್ ಟೆಲಿಪ್ರಿಂಟರ್ ಸಂದೇಶಗಳೂ ದೊಡ್ಡಕ್ಷರದಲ್ಲೇ ಬರುತ್ತಿದ್ದವು. ಯಂತ್ರದ ಅಗತ್ಯಕ್ಕೆ ಹುಟ್ಟಿದ ಆ ರೂಪವನ್ನು ಸರ್ಕಾರಿ ಗಾಂಭೀರ್ಯ ಎಂದು ಭಾವಿಸಿ ಮನುಷ್ಯರು ಓದುವ ಕಾಗದಕ್ಕೂ ಹೊದಿಸಿದ್ದರಲ್ಲಿ ತಪ್ಪಿದೆ.

ಶಿಕ್ಷಕರ ಕಡೆಯಿಂದ ಬರುವ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ, ಕನ್ನಡ ಮಾಧ್ಯಮದ ಮಕ್ಕಳಿಗೂ. ಮುಂದೆ ಅವರ ಅರ್ಜಿಯನ್ನು ತೂಗುವವರು ದೊಡ್ಡಕ್ಷರದ ಒಂದು ತಪ್ಪಿಗೂ ಮುಖ ಸಿಂಡರಿಸಬಹುದು. ಹೀಗಿರುವಾಗ ಇದೆಲ್ಲ ಬರೀ ರೂಢಿ ಎಂದು ಮಕ್ಕಳಿಗೆ ಹೇಳಿದರೆ ಅವರ ಕೈ ಸಡಿಲವಾಗದೇ ಎಂಬ ಕಾಳಜಿ ನ್ಯಾಯವಾದದ್ದು. ರೂಢಿ ಎಂದ ಮಾತ್ರಕ್ಕೆ ಬಿಡಬಹುದು ಎಂದರ್ಥವಲ್ಲ. ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುವುದೂ ರೂಢಿಯೇ. ಕಡ್ಡಾಯವಾದದ್ದನ್ನು ಐಚ್ಛಿಕವಾದದ್ದರಿಂದ ಬೇರ್ಪಡಿಸಿ ಕಲಿಸಿದರೆ ಮಕ್ಕಳ ಕೈ ಬಿಗಿಯಾಗುತ್ತದೆ. ಈಗಿನ ವ್ಯಾಕರಣ ಪುಸ್ತಕಗಳು ಹತ್ತು ಹದಿನೈದು ನಿಯಮಗಳ ಪಟ್ಟಿ ಕೊಟ್ಟು ಎಲ್ಲಕ್ಕೂ ಒಂದೇ ಬೆಲೆ ಕಟ್ಟುತ್ತವೆ. ವಾರದ ಹೆಸರಿಗೆ ದೊಡ್ಡಕ್ಷರ, ದೇಶದ ಹೆಸರಿಗೆ ದೊಡ್ಡಕ್ಷರ, ನದಿಗೆ, ಬೆಟ್ಟಕ್ಕೆ, ಹಬ್ಬಕ್ಕೆ ದೊಡ್ಡಕ್ಷರ ಎಂದು ಬಾಯಿಪಾಠ ಮಾಡಿದ ಮಗುವಿಗೆ ಇವೆಲ್ಲ ಹೆಸರುಗಳು ಎಂಬ ಒಂದೇ ಕಾರಣ ಹೊಳೆದಿರುವುದಿಲ್ಲ. ಅದಕ್ಕೇ ಅದು ಉಲ್ಹಾಸ ನದಿಯ ಹೆಸರಿಗೆ ಹಾಕಿದ ದೊಡ್ಡಕ್ಷರವನ್ನು ಬರೀ ನದಿ ಎಂಬ ಪದಕ್ಕೂ ಹಾಕುತ್ತದೆ. ಗಣಿತ ತನಗೆ ಇಷ್ಟ ಎಂದು ಬರೆಯುವಾಗ ಗಣಿತಕ್ಕೆ ದೊಡ್ಡಕ್ಷರ ಕೊಟ್ಟು ಕನ್ನಡಕ್ಕೆ ಸಣ್ಣಕ್ಷರ ಕೊಡುತ್ತದೆ. ಇಂಗ್ಲಿಷಿನಲ್ಲಿ ಭಾಷೆಯ ಹೆಸರು ಹೆಸರೇ, ಗಣಿತ ಸಾಮಾನ್ಯ ನಾಮ. ಕಾರಣ ತಿಳಿದ ಮಗು ಪಟ್ಟಿಯಲ್ಲಿಲ್ಲದ ಸಂದರ್ಭದಲ್ಲೂ ದಾರಿ ಕಂಡುಕೊಳ್ಳುತ್ತದೆ. ಅಂಕ ಕಳೆಯುವಾಗಲೂ ಈ ವಿವೇಚನೆ ಬೇಕು: ವಾಕ್ಯದ ಮೊದಲು, ವ್ಯಕ್ತಿ ಅಥವಾ ಊರಿನ ಹೆಸರು, ‘ನಾನು’ ಎಂಬ ಐ ಇವು ತಪ್ಪಿದರೆ ಕಳೆಯಿರಿ, ತಲೆಬರಹದಲ್ಲಿ ಯಾವ ಪದಕ್ಕೆ ದೊಡ್ಡಕ್ಷರ, ಪ್ರಾಂಶುಪಾಲರಿಗೆ ಬೇಕೇ ಬೇಡವೇ ಎಂಬಲ್ಲಿ ದೊಡ್ಡ ದೊಡ್ಡ ಪತ್ರಿಕೆಗಳೇ ಒಮ್ಮತದಲ್ಲಿಲ್ಲ, ಮಗು ಶುರುವಿನಿಂದ ಕೊನೆಯವರೆಗೆ ಒಂದೇ ರೀತಿ ಬರೆದಿದೆಯೇ ಎಂದು ಮಾತ್ರ ನೋಡಿದರೆ ಸಾಕು. ಫೋನು ತಾನಾಗಿಯೇ ಸರಿಪಡಿಸುತ್ತದೆ, ಕಲಿಯುವ ಗೊಡವೆ ಏಕೆ ಎನ್ನುವವರೂ ಇದ್ದಾರೆ. ಫೋನು ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡೀತು. ಹಳಿಯ ಪೂರ್ವ ಯಾವುದು, ಡೊಂಬಿವಲಿ ಪೂರ್ವ ಯಾವುದು ಎಂಬುದನ್ನು ಬರೆಯುವವರೇ ನಿಶ್ಚಯಿಸಬೇಕು.

ಇನ್ನು ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಂಭೀರ ಪ್ರಶ್ನೆ. ದೊಡ್ಡಕ್ಷರ ಗೌರವದ ಗುರುತಲ್ಲ ಎಂದರೆ, ಅಮೆರಿಕದ ಕರಿಯ ಜನ ಅದಕ್ಕಾಗಿ ದಶಕಗಟ್ಟಲೆ ಹೋರಾಡಿದ್ದೇಕೆ? ಅವರಲ್ಲೊಬ್ಬರಾದ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ತಮ್ಮ ಜನಾಂಗದ ಅಂದಿನ ಹೆಸರಾದ ನೀಗ್ರೋ ಎಂಬುದನ್ನು ದೊಡ್ಡ ಎನ್‌ನಿಂದ ಬರೆಯಬೇಕೆಂದು ಸಂಪಾದಕರಿಗೆ, ಪ್ರಕಾಶಕರಿಗೆ ಪತ್ರ ಬರೆದು ಒತ್ತಾಯಿಸಿದರು. ನ್ಯೂಯಾರ್ಕ್ ಟೈಮ್ಸ್ 1930ರ ಮಾರ್ಚ್ 7ರಂದು ಸಂಪಾದಕೀಯ ಬರೆದು ಅದನ್ನು ಒಪ್ಪಿಕೊಂಡಿತು. ಮುಂದೆ 2020ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಮತ್ತು ನ್ಯೂಯಾರ್ಕ್ ಟೈಮ್ಸ್ ಎರಡೂ ‘ಬ್ಲ್ಯಾಕ್’ ಎಂಬುದನ್ನು ಜನಸಮುದಾಯದ ಹೆಸರಾಗಿ ಬಳಸುವಾಗ ದೊಡ್ಡ ಬಿಯಿಂದ ಬರೆಯುವ ತೀರ್ಮಾನ ಮಾಡಿದವು. ಇಲ್ಲಿ ಘನತೆಯ ಪ್ರಶ್ನೆ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಆ ಘನತೆ ಯಾವ ಬಗೆಯದು ಎಂದು ನೋಡಬೇಕು. ಐರಿಷರಿಗೆ, ಇಟಾಲಿಯನ್ನರಿಗೆ, ಜಪಾನೀಯರಿಗೆ ಹೆಸರೆಂಬ ಕಾರಣಕ್ಕೆ ದೊಡ್ಡಕ್ಷರ ಮೊದಲಿನಿಂದಲೂ ಇತ್ತು. ಒಂದು ಜನಾಂಗವನ್ನು ಮಾತ್ರ ಬಣ್ಣದ ವಿಶೇಷಣವೆಂಬಂತೆ, ವಸ್ತುವಿನ ಜಾತಿಯೆಂಬಂತೆ ಸಣ್ಣಕ್ಷರದಲ್ಲಿ ಬರೆಯಲಾಗುತ್ತಿತ್ತು. ಡುಬಾಯ್ಸ್ ಕೇಳಿದ್ದು ಇತರರಿಗಿಂತ ಎತ್ತರದ ಪೀಠವನ್ನಲ್ಲ, ಎಲ್ಲರ ಹೆಸರಿಗೂ ಇರುವ ನಿಯಮ ತಮ್ಮವರ ಹೆಸರಿಗೂ ಇರಲಿ ಎಂಬುದನ್ನು. ಅಂದರೆ ಆ ಹೋರಾಟ ಹೆಸರಿನ ನಿಯಮಕ್ಕೆ ಅಪವಾದವಲ್ಲ, ಅದನ್ನು ಪಕ್ಷಪಾತವಿಲ್ಲದೆ ಅನ್ವಯಿಸಿ ಎಂಬ ಹಕ್ಕೊತ್ತಾಯ. ಹುದ್ದೆಗೆ ಕೊಡುವ ದೊಡ್ಡಕ್ಷರ ಮನುಷ್ಯರಲ್ಲಿ ಮೇಲು ಕೀಳು ಎಣಿಸುತ್ತದೆ. ಹೆಸರಿಗೆ ಕೊಡುವ ದೊಡ್ಡಕ್ಷರ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಎರಡನ್ನೂ ಗೌರವ ಎಂಬ ಒಂದೇ ಮಾತಿನಿಂದ ಕರೆದರೆ ಈ ವ್ಯತ್ಯಾಸ ಕಣ್ಮರೆಯಾಗುತ್ತದೆ.

ಈ ಪ್ರಶ್ನೆ ಅಮೆರಿಕದಲ್ಲೇ ಉಳಿಯುವಂಥದ್ದಲ್ಲ. 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದಾಗ ದಲಿತ ಎಂಬುದು ಒಂದು ಜನಸಮುದಾಯ ತಾನೇ ಎತ್ತಿಕೊಂಡ ಹೆಸರಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ದೊಡ್ಡ ಡಿ ಸಲ್ಲಲೇಬೇಕು. ಠಾಣೆ ಜಿಲ್ಲೆಯ ಕಾಡಂಚಿನಲ್ಲಿ, ಗುಡ್ಡದ ಬುಡದಲ್ಲಿ ಬದುಕುತ್ತಿರುವ ವಾರ್ಲಿ, ಕಾತಕರಿ, ಠಾಕೂರ ಸಮುದಾಯಗಳು ಈ ಊರುಗಳಿಗೆ ನಮಗಿಂತ ಬಹಳ ಹಿಂದಿನವು. ವಾರ್ಲಿ ಚಿತ್ರಗಳನ್ನು ಸಭಾಭವನದ ಗೋಡೆಗೆ, ಸೀರೆಯ ಸೆರಗಿಗೆ, ಸ್ಮರಣ ಸಂಚಿಕೆಯ ಮುಖಪುಟಕ್ಕೆ ತಂದುಕೊಳ್ಳುವವರು ಇಂಗ್ಲಿಷಿನಲ್ಲಿ ಬರೆಯುವಾಗ ಆ ಹೆಸರನ್ನು ಸಣ್ಣ ಡಬ್ಲ್ಯುವಿನಿಂದ ಬರೆದುಬಿಡುತ್ತಾರೆ, ಅದು ಒಂದು ಜನರ ಹೆಸರಲ್ಲ, ಒಂದು ಬಗೆಯ ಚಿತ್ತಾರದ ಹೆಸರು ಎಂಬಂತೆ. ಆದಿವಾಸಿ ಎಂಬುದಕ್ಕೂ ಹೀಗೆಯೇ ಸಣ್ಣಕ್ಷರ. ಕನ್ನಡಿಗ, ತುಳುವ, ಮಹಾರಾಷ್ಟ್ರೀಯ ಎನ್ನುವಾಗ ಯಾರೂ ತಪ್ಪದೆ ದೊಡ್ಡಕ್ಷರ ಹಾಕುವ ನಾವು, ಅದೇ ಪುಟದಲ್ಲಿ ಇವರನ್ನು ಸಣ್ಣಕ್ಷರಕ್ಕೆ ಇಳಿಸುವುದು ಕಾಗುಣಿತದ ತಪ್ಪಿಗಿಂತ ಹೆಚ್ಚಿನದು. ಸಂಘಗಳ ಮುಂದಿನ ಸಂಚಿಕೆಯ ಕರಡು ತಿದ್ದಲು ಕೂರುವವರು ‘ಚೀಫ್ ಗೆಸ್ಟ್’ನ ಸಿ ಮತ್ತು ಜಿಗಳನ್ನು ಸಣ್ಣದು ಮಾಡಲಿ, ವಾರ್ಲಿಯ ಡಬ್ಲ್ಯುವನ್ನು ದೊಡ್ಡದು ಮಾಡಲಿ.